ಕಾಗೆ ಬಡಿದ ತಲೆಗೆ ಅಕ್ಕನ ಕಣ್ಣೀರು ಕೋರಿ

ಮಾನ್ಯ ಓದುಗರ ಸನ್ನಿಧಿಗೆ,

ವಿಷಯಕ್ಕೆ ಬರುವ ಮೊದಲು ನನ್ನ ಅಕ್ಷರಕ್ಕಾಗಿ ತಮ್ಮ ಕ್ಷಮೆ ಕೋರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಮೂರನೆಯ ಇಯತ್ತೆಯಲ್ಲಿ ಗುರುಗಳು ನನ್ನ ಪಾಟಿಯನ್ನು ಎತ್ತಿ ಹಿಡಿದು, ಇದು ಕಾಗೆ ಕಾಲೋ ಗುಬ್ಬಿ ಕಾಲೋ ಎಂದು ಇಡೀ ವರ್ಗವನ್ನು ಕೇಳಿದ್ದರು. ವರ್ಗದಲ್ಲಿ ಒಮ್ಮತ ಮೂಡಲಿಲ್ಲ. ನಂತರ ತಕ್ಕಮಟ್ಟಿಗೆ ಸುಧಾರಿಸಿದ್ದ ಅಕ್ಷರ, ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಪುನಃ ಮೂರನೆಯ ಇಯತ್ತೆಗೆ ಮರಳಿದೆ. ಕಾಗುಣಿತದ ಬಗ್ಗೆ ಹೇಳುವುದಾದರೆ, ಮಹಾಪ್ರಾಣ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ನಾನು ಇಂದಿಗೂ ಅಂದಾಜಿನ ಮೇಲೆಯೇ ನಿರ್ಧರಿಸುತ್ತೇನೆ. ಓದುವವರಿಗಾಗಿ ಬರೆಯುತ್ತಿರುವುದು ಇದೇ ಮೊದಲು. ಆದಕಾರಣ ತಾವು ಮನ್ನಿಸಬೇಕಾಗಿ ವಿನಂತಿ.

ನಾನು ಸಂಶಿಯ ನಿವಾಸಿ. ಕುಂದಗೋಳದ ಒಂದು ಸರ್ಕಾರಿ ಕಚೇರಿಯಲ್ಲಿ ಆವಕ-ಜಾವಕ ಶಾಖೆಯ ಗುಮಾಸ್ತ. ಅಂದರೆ, ಬಂದ ಪತ್ರಕ್ಕೆ ಬಂದಿತೆಂದೂ ಹೋದ ಪತ್ರಕ್ಕೆ ಹೋಯಿತೆಂದೂ ಮುದ್ರೆ ಒತ್ತಿ ನಂಬರ್ ಹಾಕುವವನು. ಪತ್ರದಲ್ಲಿ ಏನಿದೆ ಎಂಬುದು ನನ್ನ ಶಾಖೆಗೆ ಸಂಬಂಧಪಟ್ಟಿದ್ದಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದರಿಂದ ನನಗೆ ಬೇರೆ ಶೈಲಿ ಒಲಿದಿಲ್ಲ. ಮನೆಯಾಕೆ ಸಂತೆಯ ಚೀಟಿ ಬರೆ ಎಂದರೂ ‘ಈ ಕೆಳಕಂಡ ಕಾಯಿಪಲ್ಲೆಗಳನ್ನು’ ಎಂದೇ ನನ್ನ ಕೈ ಆರಂಭಿಸುತ್ತದೆ. ಈ ಬರಹವೂ ಅದೇ ದಾಟಿಯಲ್ಲಿ ಸಾಗಿದರೆ ಅದು ನನ್ನ ಅಹಂಕಾರವಲ್ಲ, ಅಸಹಾಯಕತೆ ಎಂದು ತಿಳಿಯತಕ್ಕದ್ದು.

ವಿಷಯವೇನೆಂದರೆ, ಕಳೆದ ಚಳಿಗಾಲದಲ್ಲಿ ಒಂದು ಕಾಗೆ ನನ್ನ ತಲೆಗೆ ಬಡಿಯಿತು.

ಇದರ ಗಾಂಭೀರ್ಯ ತಮಗೆ ಮನವರಿಕೆಯಾಗಬೇಕಾದರೆ ನಮ್ಮ ಅವ್ವನ ಬಗ್ಗೆ ಹೇಳಬೇಕು. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಬದುಕಿದ್ದಷ್ಟು ದಿನ ಪ್ರಾಣಿ-ಪಕ್ಷಿಗಳ ಮಟ್ಟಿಗೆ ಆಕೆ ಒಂದು ಇಲಾಖೆಯೇ ಆಗಿದ್ದಳು. ಹಲ್ಲಿ ಬಲಭುಜದ ಮೇಲೆ ಬಿದ್ದರೆ ಏನು, ಎಡಗಾಲ ಮೇಲೆ ಬಿದ್ದರೆ ಏನು ಎಂಬುದು ಆಕೆಗೆ ಪಂಚಾಂಗ ನೋಡದೆಯೇ ಬಾಯಲ್ಲಿತ್ತು. ಚಿಗರಿಗಳ ಹಿಂಡು ಬಲಕ್ಕೆ ದಾಟಿದರೆ ಹೋದ ಕೆಲಸ ಆಗುತ್ತದೆ. ಮುಂಗುಸಿ ಕಂಡರೆ ಆ ದಿನಕ್ಕೆ ಚಿಂತೆ ಇಲ್ಲ. ಹಾಲಕ್ಕಿ ಬೇವಿನ ಗಿಡದ ಮೇಲೆ ಕೂತು ನುಡಿದರೆ ಕಿವಿಗೊಡಬೇಕು, ಆದರೆ ಮರುಮಾತಾಡಬಾರದು. ಉಡ ಹೊಕ್ಕ ಮನೆಯಲ್ಲಿ ಯಾರೂ ಇರಬಾರದು. ನಮ್ಮ ಓಣಿಯಲ್ಲೇ ಒಂದು ಮನೆಯೊಳಗೆ ಉಡ ಹೊಕ್ಕು, ಆ ಕುಟುಂಬ ಮೂರು ತಿಂಗಳು ಬೀಗ ಹಾಕಿ ಬೀಗರ ಮನೆಯಲ್ಲಿ ಉಳಿಯಿತು. ಉಡ ಮಾತ್ರ ಮರುದಿನವೇ ಹೊರಟುಹೋಗಿತ್ತು ಎಂದು ನೋಡಿದವರು ಹೇಳುತ್ತಾರೆ.

ನಾನು ಇವನ್ನೆಲ್ಲ ನಂಬುವವನಲ್ಲ. ಹೈಸ್ಕೂಲಿನಲ್ಲಿದ್ದಾಗ ಮೂಢನಂಬಿಕೆಗಳ ವಿರುದ್ಧ ಪ್ರಬಂಧ ಬರೆದು ಪ್ರಥಮ ಬಹುಮಾನವಾಗಿ ಒಂದು ಸ್ಟೀಲ್ ಬಟ್ಟಲು ಪಡೆದವನು. ಸ್ಪರ್ಧೆಯ ದಿನ ಮುಂಜಾನೆ ಬೆಕ್ಕು ಅಡ್ಡ ಬಂದ ಕಾರಣ ಮನೆಗೆ ಮರಳಿ ನೀರು ಕುಡಿದು ಎರಡನೆಯ ಸಲ ಹೊರಟಿದ್ದೆನೆಂಬುದನ್ನು ಆ ಪ್ರಬಂಧದಲ್ಲಿ ನಮೂದಿಸಿರಲಿಲ್ಲ.

ಕಾಗೆಯ ಕತೆಯನ್ನು ಅವ್ವ ನನಗೂ ಅಕ್ಕನಿಗೂ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು.

“ಯಮಧರ್ಮಗ ವಯಸ್ಸಾತು. ಕಣ್ಣು ಮಂಜು. ಯಾರನ್ನ ಒಯ್ಯಬೇಕು, ಯಾರನ್ನ ಬಿಡಬೇಕು ಗೊತ್ತಾಗವಲ್ದು. ಅದಕ್ಕ ಕಾಗಿನ ಮುಂದ ಕಳಸತಾನ. ಕಾಗಿ ಬಂದು ತಲಿ ಮುಟ್ಟಿ ಗುರ್ತು ಮಾಡಿ ಹೋಗತೈತಿ. ಹಿಂದಿನಿಂದ ಯಮನ ಆಳು ಬರತಾನ. ಬಂದಾಂವ ಸೀದಾ ಮನ್ಯಾಗ ಬರಾಂಗಿಲ್ಲ, ಅಗಸಿ ಬಾಗಲಾಗ ನಿಂತು ಕಿವಿ ಕೊಡತಾನ. ಅಳೋ ದನಿ ಕೇಳಿಸ್ತು ಅಂದ್ರ, ಓಹೋ, ಈ ಕೆಲಸ ಆಗಲೇ ಆಗೇತಿ ಅಂತ ತಿಳಕೊಂಡು ಹೊಳ್ಳಿ ಹೋಗಿಬಿಡತಾನ.”

ಆದುದರಿಂದ ಕಾಗೆ ಬಡಿದವನು ಬದುಕಿರುವಾಗಲೇ ಅವನು ಸತ್ತನೆಂದು ನೆಂಟರಿಗೆ ಸುದ್ದಿ ಮುಟ್ಟಿಸಬೇಕು. ಅವರು ಅಳಬೇಕು. ಅತ್ತ ಮೇಲೆ ಸುಳ್ಳೆಂದು ತಿಳಿಸಬೇಕು. ಇದೇ ಪರಿಹಾರ.

“ಸುಳ್ಳಸುಳ್ಳ ಅತ್ರ ನಡಿಯಾಂಗಿಲ್ಲೇನಬೇ?” ಎಂದು ನಾನು ಕೇಳಿದ್ದೆ.

“ಸುಳ್ಳ ಅಳು ಅಂವಗ ಗೊತ್ತಾಗೂದಿಲ್ಲೇನೋ? ದಿನಾ ಅದನ್ನ ಕೇಳಾಂವ ಅಂವ” ಎಂದಿದ್ದಳು ಅವ್ವ.

ನೌಕರಿಗೆ ಸೇರಿದ ಮೇಲೆ ಈ ಕತೆ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಕಾಗೆಯದು ಆವಕ ಮುದ್ರೆ. ಅಳು ಎಂದರೆ ಸದರಿ ಪ್ರಕರಣ ಇತ್ಯರ್ಥವಾಗಿದೆ ಎಂಬ ಷರಾ. ಷರಾ ಕಂಡ ಕಡತವನ್ನು ಯಾವ ಕಚೇರಿಯೂ ಮತ್ತೆ ತೆರೆದು ನೋಡುವುದಿಲ್ಲ. ಯಮಲೋಕದಲ್ಲಿ ಬೇರೆ ಪದ್ಧತಿ ಇರಲು ಕಾರಣವೇ ಇಲ್ಲ.

ಘಟನೆ ನಡೆದದ್ದು ಗುಡಗೇರಿಯ ಸಂತೆಯಲ್ಲಿ. ಅಂದು ನನಗೆ ರಜೆ. ಒಂದು ಕೈಯಲ್ಲಿ ಮೊಬೈಲನ್ನು ಕಿವಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಮಿರ್ಚಿ ಭಜಿಯನ್ನು ಹಿಡಿದು ಬದನೆಕಾಯಿ ಆರಿಸಲು ಪ್ರಯತ್ನಿಸುತ್ತಿದ್ದೆ. ಮೂರು ಕೆಲಸಕ್ಕೆ ಎರಡೇ ಕೈ ಇದ್ದ ಕಾರಣ ಭಜಿಯೂ ಮೊಬೈಲ್ ಹಿಡಿದ ಕೈಗೇ ಸೇರಿ ತಲೆಯ ಮಟ್ಟಕ್ಕೆ ಏರಿತ್ತು. ಕಾಗೆಯ ಉದ್ದೇಶ ಭಜಿಯೇ ಆಗಿತ್ತೆಂದು ನಾನು ಇಂದಿಗೂ ಪ್ರಾಮಾಣಿಕವಾಗಿ ನಂಬುತ್ತೇನೆ. ಆದರೆ ಅದು ಗುರಿ ತಪ್ಪಿ, ಕೂದಲಿಲ್ಲದ ನನ್ನ ನೆತ್ತಿಗೆ ಬಡಿದು ಹಾರಿತು.

ಬದನೆಕಾಯಿ ಮಾರುವ ಮುದುಕಿ ತಕ್ಕಡಿ ಬಿಟ್ಟು ಎದ್ದು ನಿಂತಳು.

“ಅಯ್ಯ ಶಿವನ! ತಲಿಗೇ ಬಡೀತಲ್ರಿ! ಮನಿಗೆ ಹೋಗ್ರಿ ಯಪ್ಪಾ, ಲಗೂನ ಯಾರ ಕಡೆಯಿಂದರ ಅಳಿಸಿಕೋರಿ.”

“ಭಜಿ ಸಲುವಾಗಿ ಬಂದಿತ್ತಬೇ ಅದು” ಎಂದೆ.

“ಭಜಿ ನಿಮ್ಮ ಕೈಯಾಗ ಐತೆಲ್ರಿ ಇನ್ನೂ” ಎಂದಳು ಮುದುಕಿ. ನೋಡಿದೆ, ಇತ್ತು.

ಮನೆಗೆ ಬಂದವನು ಈ ವಿಷಯವನ್ನು ಗೋಪ್ಯವಾಗಿಡಲು ತೀರ್ಮಾನಿಸಿದೆ. ನೆತ್ತಿಯ ಮೇಲೆ ಉಗುರಿನ ಗೀರು ಬಿದ್ದಿದ್ದರಿಂದ ಉಲ್ಲನ್ ಟೊಪ್ಪಿಗೆ ಹಾಕಿಕೊಂಡೆ.

“ರೀ, ಮಟಮಟ ಮಧ್ಯಾಹ್ನ ಅಡಿಗಿಮನ್ಯಾಗ ಟೊಪಿಗಿ ಯಾಕ್ರಿ?” ಎಂದಳು ಮನೆಯಾಕೆ.

“ಚಳಿ.”

“ಒಲಿ ಮುಂದ ಕುಂತು ಚಳಿ?”

ಎರಡು ನಿಮಿಷದಲ್ಲಿ ಸಮಗ್ರ ವರದಿ ಒಪ್ಪಿಸಿದ್ದೆ. ಆಕೆ ಅವ್ವನಷ್ಟು ಶಕುನ ನೋಡುವವಳಲ್ಲ. ಆದರೆ “ಒಂದು ಸುಳ್ಳು ಸುದ್ದಿ ಕಳಿಸೋದ್ರಾಗ ನಮ್ಮದೇನ ಹೋಗತೈತಿ?” ಎಂದಳು. ಮೂಢನಂಬಿಕೆಯನ್ನು ನಾನು ಸುಲಭವಾಗಿ ಒಪ್ಪುವವನಲ್ಲವೆಂದು ಗಂಭೀರವಾಗಿ ತಿಳಿಸಿದೆ. ಆ ವೇಳೆಗಾಗಲೇ ನಾನು ನಾಲ್ಕು ಸಲ ಕನ್ನಡಿ ನೋಡಿದ್ದೆ, ಎರಡು ಸಲ ನಾಡಿ ಹಿಡಿದುಕೊಂಡಿದ್ದೆ, ಎರಡನೆಯ ಸಲ ಅದು ಸಿಕ್ಕಿರಲಿಲ್ಲ.

ಆಗ ಎದುರಾದದ್ದೇ ಈ ಬರಹದ ಮುಖ್ಯ ಸಮಸ್ಯೆ. ನನ್ನ ಸಾವಿಗೆ ಅಳುವವರು ಯಾರು?

“ನೀನ ಅತ್ತಬಿಡಲ್ಲ” ಎಂದೆ.

“ನನಗ ಹ್ಯಾಂಗ ಅಳು ಬರತೈತಿ? ಎದುರಿಗೆ ಕುಂತು ಚಹಾ ಕುಡ್ಯಾಕ ಹತ್ತೀರಿ.”

“ನಿಮ್ಮ ಅಣ್ಣ?”

“ಅಂವಾ? ‘ಖರೇನ? ಯಾವಾಗ ಮಣ್ಣು?’ ಅಂತ ಕೇಳಿ ಬಸ್ಸಿನ ಟೈಮ್ ನೋಡತಾನ.”

“ನಮ್ಮ ಕಚೇರಿಯವರು?”

“ಅವರು ನಾಳೆ ಸೂಟಿ ಕೊಡತಾರೇನು ಅಂತ ಕೇಳತಾರ.”

ಹೀಗೆ ಒಬ್ಬೊಬ್ಬರ ಹೆಸರೂ ತಿರಸ್ಕೃತವಾಗುತ್ತ ಹೋಯಿತು. ಐವತ್ತೆರಡು ವರ್ಷ ಬದುಕಿ, ಒಂದು ಹನಿ ಖಾತ್ರಿಯ ಕಣ್ಣೀರನ್ನು ಸಂಪಾದಿಸದೆ ಇರುವುದು ಸಣ್ಣ ಸಾಧನೆಯಲ್ಲ. ಕೊನೆಗೆ ಇಬ್ಬರ ಮನಸ್ಸಿನಲ್ಲೂ ಒಂದೇ ಹೆಸರಿತ್ತು. ಮನೆಯಾಕೆ ಅದನ್ನು ಬಾಯಿಬಿಟ್ಟು ಹೇಳಿದಳು.

“ದೇವಿಕೊಪ್ಪದ ವೈನಿ.”

ದೇವಿಕೊಪ್ಪದಲ್ಲಿರುವವಳು ನನ್ನ ಅಕ್ಕ, ನನಗಿಂತ ಆರು ವರ್ಷ ಹಿರಿಯಳು. ನಾವಿಬ್ಬರೇ ಒಡಹುಟ್ಟಿದವರು. ನಾಲ್ಕು ವರ್ಷಗಳಿಂದ ಆಕೆ ನನ್ನೊಂದಿಗೆ ಮಾತು ಬಿಟ್ಟಿದ್ದಳು.

ಕಾರಣ, ಆಕೆಯ ಮಗಳ ಮದುವೆಗೆ ನಾನು ಹೋಗದೆ ಇದ್ದದ್ದು. ನಮ್ಮ ಕಡೆ ಅಕ್ಷತೆ ಬೀಳುವಾಗ ವಧುವಿನ ಬೆನ್ನಹಿಂದೆ ಸೋದರಮಾವ ನಿಲ್ಲಬೇಕು. ಆ ಹುಡುಗಿಗೆ ಸೋದರಮಾವನೆಂದರೆ ನಾನೊಬ್ಬನೇ. ಮದುವೆ ಕೆಲಸದ ದಿನ ಬಿದ್ದಿತ್ತು. ಸಾಹೇಬರು ರಜೆ ಕೊಡಲಿಲ್ಲವೆಂದು ಅಕ್ಕನಿಗೆ ತಿಳಿಸಿದೆ. ಮನೆಯಾಕೆಗೂ ಅದನ್ನೇ ತಿಳಿಸಿದ್ದೆ. ಆಕೆಯೊಬ್ಬಳೇ ಮದುವೆಗೆ ಹೋಗಿ ತಲೆ ತಗ್ಗಿಸಿಕೊಂಡು ಬಂದಳು. ದೂರದ ಸಂಬಂಧಿಯೊಬ್ಬರನ್ನು ಹಿಡಿದು ತಂದು ನನ್ನ ಜಾಗದಲ್ಲಿ ನಿಲ್ಲಿಸಿದರಂತೆ. ಅಂದು ಸಂಜೆ ಅಕ್ಕ ಫೋನ್ ಮಾಡಿ, “ನೀ ಸತ್ರೂ ನಾ ಬರಾಂಗಿಲ್ಲ, ತಿಳಕೋ” ಎಂದಳು.

ವಾಸ್ತವ ಸಂಗತಿಯನ್ನು ಇಲ್ಲಿ ದಾಖಲಿಸುವುದು ಅವಶ್ಯ. ಸಾಹೇಬರು ರಜೆ ನಿರಾಕರಿಸಲಿಲ್ಲ. ನಾನು ಕೇಳಲೇ ಇಲ್ಲ. ಅವರು ಹೊಸದಾಗಿ ಬಂದವರು, ದನಿ ದೊಡ್ಡದು. ಅರ್ಜಿ ಬರೆದು, ನಾಲ್ಕು ಸಲ ತಿದ್ದಿ, ಅವರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಮರಳಿದೆ. ಮರುದಿನ ಹೋದೆ, ಬೈಯುತ್ತಿರಲಿಲ್ಲ, ಆದರೆ ಬೈಯುವವರಂತೆ ಕೂತಿದ್ದರು. ಮರಳಿದೆ. ಮದುವೆಯ ದಿನ ಅಕ್ಷತೆಯ ಮುಹೂರ್ತಕ್ಕೆ ಸರಿಯಾಗಿ ನಾನು ಒಂದು ಸುತ್ತೋಲೆಗೆ ಮುದ್ರೆ ಒತ್ತುತ್ತಿದ್ದೆ.

“ವೈನಿ ಅಳತಾರೋ ಇಲ್ಲೋ?” ಎಂದಳು ಮನೆಯಾಕೆ.

ನನಗೂ ಅದೇ ಬೇಕಾಗಿತ್ತು. ಯಮನ ಆಳು ಬರುವುದು ಬಿಡುವುದು ಆಮೇಲಿನ ಮಾತು. ನಾನು ಸತ್ತರೆ ಅಕ್ಕ ಅಳುತ್ತಾಳೆಯೇ ಎಂಬುದು, ಕಾಗೆ ಬಡಿಯದಿದ್ದರೂ, ನಾಲ್ಕು ವರ್ಷದಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ.

ಸುದ್ದಿ ಹೇಳಲು ಮೂರನೆಯವರು ಬೇಕು. ನಮ್ಮ ಬಾಜು ಮನೆಯಲ್ಲಿ ಕಿರಾಣಿ ಅಂಗಡಿಯ ಕಾಕಾ ಇದ್ದಾರೆ. ಮುಸ್ಲಿಂ ಹಿರಿಯರು; ನಮ್ಮ ಅವ್ವನನ್ನು ಬಲ್ಲವರು, ಅಕ್ಕನನ್ನು ಮದುವೆ ಮಾಡಿ ಕಳಿಸುವಾಗ ಬಸ್ ಸ್ಟ್ಯಾಂಡಿನವರೆಗೆ ಬಂದವರು. ಅವರ ದನಿ ಕೇಳಿದರೆ ಅಕ್ಕ ನಂಬುತ್ತಾಳೆ. ಕಾಕಾ ಮೊದಲು ಎರಡೂ ಕಿವಿ ಮುಟ್ಟಿಕೊಂಡರು.

“ತೌಬಾ ತೌಬಾ! ಜಿಂದಾ ಮನುಷ್ಯಾನ್ನ ಸತ್ತಾನ ಅಂತ ಹ್ಯಾಂಗ ಹೇಳ್ಲಿ? ನನ್ನ ನಾಲಿಗಿ ಏಳೂದಿಲ್ಲ.”

“ಇವರ ಜೀವದ ಪ್ರಶ್ನಿ ಐತ್ರಿ ಕಾಕಾ” ಎಂದಳು ಮನೆಯಾಕೆ.

ಕಾಕಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಜಾನ್ ಉಳೀತೈತಿ ಅಂದ್ರ ಒಂದು ಸುಳ್ಳು ಹೇಳೂಣು” ಎಂದರು.

ನನ್ನ ಸಾವು ಬಾಯಿಗೆ ಬಂದಂತೆ ಪ್ರಕಟವಾಗುವುದು ನನಗೆ ಸರಿಕಾಣಲಿಲ್ಲ. ಕುಳಿತು ಕರಡು ಸಿದ್ಧಪಡಿಸಿದೆ. ‘ತಮ್ಮ ಸಹೋದರರು ಇಂದು ಮಧ್ಯಾಹ್ನ ಅಲ್ಪಕಾಲದ ಅಸ್ವಸ್ಥತೆಯಿಂದ ನಿಧನ ಹೊಂದಿರುತ್ತಾರೆಂದು ತಿಳಿಯಪಡಿಸಲು ವಿಷಾದಿಸಲಾಗಿದೆ. ಮೃತರು ಮಿತಭಾಷಿಗಳೂ ಕರ್ತವ್ಯನಿಷ್ಠರೂ ಆಗಿದ್ದರು.’ ಎರಡನೆಯ ವಾಕ್ಯವನ್ನು ಸೇರಿಸಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ ಉಳಿಸಿಕೊಂಡೆ. ಕಾಕಾ ಕನ್ನಡಕ ಹಾಕಿಕೊಂಡು ಓದಿದರು.

“ಕ್ಲಾರ್ಕ್ ಸಾಹೇಬ್ರ, ಇದನ್ನ ಓದಿದ್ರ ಅಳು ಬರಾಂಗಿಲ್ಲ, ನಿದ್ದಿ ಬರತೈತಿ” ಎಂದು ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಫೋನ್ ಹಚ್ಚಿದರು. ನಮಗೂ ಕೇಳಲೆಂದು ಸ್ಪೀಕರ್ ಮೇಲಿಟ್ಟರು. ನಾನು ಉಸಿರಾಡದೆ ಕಂಬಕ್ಕೆ ಒರಗಿ ಕೂತೆ. ಸತ್ತವನಿಗೆ ಅದೇ ತಕ್ಕದ್ದೆಂದು ತೋರಿತು.

“ಯಾರ್ರಿ?” ನಾಲ್ಕು ವರ್ಷದ ನಂತರ ಕೇಳಿದ ಅಕ್ಕನ ದನಿ. ಸ್ವಲ್ಪ ಒರಟಾಗಿತ್ತು. ವಯಸ್ಸಾಗಿತ್ತು.

“ನಾ ತಂಗೀ, ಸಂಶಿ ಕಾಕಾ.”

“ಅಯ್ಯ ಕಾಕಾ! ಆರಾಮ ಅದೀರೇನ್ರಿ?”

“ನಾ ಆರಾಮ ಅದೀನಿ ಬೇಟಾ. ನಿನ್ನ ತಮ್ಮಾ…” ಎಂದವರು ನಿಲ್ಲಿಸಿದರು. ಕಾಕಾ ಸುಳ್ಳು ಹೇಳಲು ಎಷ್ಟು ಒದ್ದಾಡಿದರೆಂದರೆ ಕೇಳಿದವರಿಗೆ ಅದು ನಿಜವಾದ ದುಃಖವೆಂದೇ ಅನ್ನಿಸುವಂತಿತ್ತು. “ನಿನ್ನ ತಮ್ಮಾ ಹ್ವಾದನವ್ವಾ. ಮಧ್ಯಾಹ್ನ. ಕುಂತಲ್ಲೇ.”

ಆ ಕಡೆ ಎಲ್ಲೋ ಒಂದು ಪಾತ್ರೆ ಕೆಳಗಿಟ್ಟ ಸಪ್ಪಳ. ಒಂದು ಎತ್ತು ಕೂಗಿತು. ಮನೆಯಾಕೆ ಫೋನಿನ ಮೇಲೆ ಬಗ್ಗಿ ಕಿವಿಗೊಟ್ಟಳು. ಆಮೇಲೆ ಅಕ್ಕ ತೀರ ಸಣ್ಣ ದನಿಯಲ್ಲಿ ಕೇಳಿದಳು:

“ಊಟಾ ಮಾಡಿದ್ನೇನ್ರಿ?”

“ಮಾಡೀನಿ ಅಕ್ಕಾ, ಎರಡು ರೊಟ್ಟಿ” ಎಂದೆ.

ಹೇಗೆ ಬಾಯಿಂದ ಬಂತೆಂದು ತಾವು ಕೇಳಬಹುದು. ಮನೆಯಾಕೆಯೂ ಕೇಳಿದಳು, ಕೈ ಎತ್ತಿಕೊಂಡೇ ಕೇಳಿದಳು. ಬಂದ ವಿಚಾರಣೆಗೆ ವಿಳಂಬವಿಲ್ಲದೆ ಉತ್ತರಿಸಬೇಕೆಂಬುದು ನಮ್ಮ ಕಚೇರಿಯ ಕಟ್ಟುನಿಟ್ಟು, ಅದು ರೂಢಿಯಾಗಿಬಿಟ್ಟಿದೆ. ಆದರೆ ಅದಷ್ಟೇ ಕಾರಣವಲ್ಲ. ಶಾಲೆಯಿಂದ ಬಂದ ಕೂಡಲೇ ಅಕ್ಕ ಕೇಳುತ್ತಿದ್ದ ಮೊದಲ ಮಾತು ಅದು, ಅದೇ ದನಿಯಲ್ಲಿ. ಆ ದನಿಗೆ ಉತ್ತರ ಕೊಡದೆ ಇರಲು ಸತ್ತವನಿಗೂ ಆಗುವುದಿಲ್ಲ.

“ಯಾರದು?” ಎಂದಳು ಅಕ್ಕ.

“ಅದು… ಅದು ಬ್ಯಾರೆ ಮಂದಿ ತಂಗೀ” ಎಂದರು ಕಾಕಾ, ಬೆವರುತ್ತ.

“ಲೇ ತಮ್ಮಾ.” ಈಗ ಅವಳ ದನಿ ಗಟ್ಟಿಯಾಗಿತ್ತು. “ಸತ್ತ ಮ್ಯಾಲೂ ಸುಳ್ಳು ಹೇಳತೀಯೇನಲೇ?”

ಫೋನ್ ಕಟ್ಟಾಯಿತು.

ನಂತರ ನಮ್ಮ ಪಡಸಾಲೆಯಲ್ಲಿ ನಡೆದ ಚರ್ಚೆಯನ್ನು ಸಂಕ್ಷಿಪ್ತವಾಗಿ ವರದಿ ಮಾಡುತ್ತೇನೆ. ಅಕ್ಕ ಅಳತೊಡಗಿದ್ದಳು, ನಾನು ಬಾಯಿ ಹಾಕಿ ಕೆಡಿಸಿದೆ ಎಂಬುದು ಕಾಕಾರ ಅಭಿಪ್ರಾಯ. ಕಣ್ಣೀರು ನೆಲಕ್ಕೆ ಬಿದ್ದ ಹೊರತು ಲೆಕ್ಕಕ್ಕಿಲ್ಲ, ಅದು ಬಿದ್ದಿತೋ ಇಲ್ಲವೋ ಫೋನಿನಲ್ಲಿ ಹೇಗೆ ತಿಳಿಯಬೇಕು ಎಂಬುದು ಮನೆಯಾಕೆಯ ಆಕ್ಷೇಪಣೆ.

“ವಿಡಿಯೋ ಕಾಲ್ ಮಾಡಬೇಕಿತ್ತು” ಎಂದರು ಕಾಕಾ.

“ಹೆಣಾ ತೋರಿಸು ಅಂದಿದ್ರ ಏನ ತೋರಿಸ್ತಿದ್ರಿ?” ಎಂದಳು ಮನೆಯಾಕೆ. ಇಬ್ಬರೂ ನನ್ನ ಕಡೆ ನೋಡಿದರು. ಆ ಕೆಲಸಕ್ಕೂ ನಾನು ಒದಗಿಬರುವುದಿಲ್ಲವೆಂದು ಇಬ್ಬರಿಗೂ ಅನ್ನಿಸಿರಬೇಕು.

ಅವ್ವನ ಕಟ್ಟಳೆಯಲ್ಲಿ ಇನ್ನೊಂದು ಕಲಮು ಇತ್ತು. ಸುಳ್ಳು ಸುದ್ದಿ ಮುಟ್ಟಿದವರಿಗೆ, ಸತ್ತವನೆನಿಸಿಕೊಂಡವನು ಮರುದಿನ ಹೊತ್ತು ಮುಳುಗುವುದರೊಳಗೆ ತಾನೇ ಹೋಗಿ ಮುಖ ತೋರಿಸಬೇಕು. ಇಲ್ಲವಾದರೆ ಸುಳ್ಳೇ ಖರೆಯಾಗುತ್ತದೆ. ಮನೆಯಾಕೆ ಅದನ್ನು ನೆನಪಿಸಿದಳು. ಆದರೆ ಮರುದಿನ ನನಗೆ ಕಚೇರಿ ಇತ್ತು.

ರಜೆ ಕೇಳಬೇಕಾಗಿತ್ತು.

ಬೆಳಿಗ್ಗೆ ಕುಂದಗೋಳಕ್ಕೆ ಹೋಗಿ, ‘ತುರ್ತು ಕೌಟುಂಬಿಕ ಕಾರಣ’ ಎಂದು ಬರೆದ ಅರ್ಜಿಯೊಂದಿಗೆ ಸಾಹೇಬರ ಬಾಗಿಲಲ್ಲಿ ನಿಂತೆ. ಅವರೇ ಸಾಹೇಬರು, ಇನ್ನೂ ವರ್ಗಾವಣೆಯಾಗಿರಲಿಲ್ಲ. ಒಳಗೆ ಫೋನಿನಲ್ಲಿ ಬೈಯುತ್ತಲೂ ಇದ್ದರು. ನನ್ನ ಕಾಲು ಅಭ್ಯಾಸದಂತೆ ಹಿಂದಕ್ಕೆ ತಿರುಗಿದವು. ಆದರೆ ಒಂದು ಕಡೆ ಸಾಹೇಬರು, ಇನ್ನೊಂದು ಕಡೆ ಯಮಧರ್ಮ ಎಂದಾಗ, ಯಮಧರ್ಮ ಸ್ವಲ್ಪವೇ ಹೆಚ್ಚು ಭಯಂಕರವಾಗಿ ಕಂಡ. ಒಳಗೆ ಹೋದೆ. ಸಾಹೇಬರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಅರ್ಜಿಯನ್ನು ಓದದೆಯೇ ಸಹಿ ಮಾಡಿ, “ಹೋಗ್ಬರ್ರಿ” ಎಂದರು. ಪುನಃ ಫೋನಿನಲ್ಲಿ ಬೈಯತೊಡಗಿದರು.

ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಸಂತೋಷವಾಗಬೇಕಿತ್ತು. ನಾಲ್ಕು ವರ್ಷದ ಹಿಂದೆಯೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು ಎಂದು ಹೊಳೆದಾಗ, ಎದ್ದು ಬಸ್ ಸ್ಟ್ಯಾಂಡಿಗೆ ನಡೆಯಲು ಸ್ವಲ್ಪ ಸಮಯ ಬೇಕಾಯಿತು.

ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಕಲಘಟಗಿಯ ದಾರಿ ಹಿಡಿದಾಗ ಎರೆಭೂಮಿ ಹಿಂದೆ ಉಳಿದು, ಮಣ್ಣು ಕೆಂಪಾಗಿ ಗಿಡಗಳು ಹೆಚ್ಚಾದವು. ಒಂದು ಕಡೆ ರಸ್ತೆಯ ಬದಿಯ ಬೇಲಿಯಿಂದ ಮುಂಗುಸಿಯೊಂದು ಹಣಿಕಿಕ್ಕಿತು. ಶುಭ. ಆದರೆ ಅದನ್ನು ನಾನು ನೋಡಿದ್ದು ಬಸ್ಸಿನ ಕಿಟಕಿಯಿಂದ. ಅಂಥ ಸಂದರ್ಭದಲ್ಲಿ ಫಲ ನನಗೋ, ಚಾಲಕನಿಗೋ, ಅಥವಾ ಎಲ್ಲ ಪ್ರಯಾಣಿಕರಿಗೂ ಹಂಚಿಹೋಗುತ್ತದೋ ಎಂಬ ಬಗ್ಗೆ ಅವ್ವ ಏನೂ ತಿಳಿಸಿರಲಿಲ್ಲ. ಬಸ್ಸಿನಲ್ಲೇ ಕ್ಷಮಾಪಣೆಯ ಪತ್ರವೊಂದನ್ನು ಬರೆಯಲು ಪ್ರಯತ್ನಿಸಿದೆ. ರಸ್ತೆಯ ಕುಣಿಗಳಿಂದಾಗಿ ಅಕ್ಷರ ನನಗೇ ತಿಳಿಯದಂತಾಗಿ ಕೈಬಿಟ್ಟೆ.

ಅಕ್ಕ ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಆಕೆಯ ಗಂಡ ಹೊಲಕ್ಕೆ ಹೋಗಿದ್ದರು. ನನ್ನನ್ನು ನೋಡಿದಳು, ಕೈ ನಿಲ್ಲಲಿಲ್ಲ.

“ಅಲ್ಲೇ ನಿಂದರು. ಸತ್ತ ಸುದ್ದಿ ಬಂದಾಂವ ತಲಿ ಮ್ಯಾಲ ನೀರು ಬೀಳದ ಹೊಸ್ತಿಲಾ ದಾಟಬಾರದು.”

ನಿಂತೆ. ಬಿಸಿಲು ನೆತ್ತಿಯ ಗೀರನ್ನು ಸುಡುತ್ತಿತ್ತು.

“ಕಾಗಿ ಬಡೀತೇನು?” ಎಂದಳು, ಅಕ್ಕಿಯನ್ನೇ ನೋಡುತ್ತ.

“ನಿನಗ ಗೊತ್ತಾತೇನು?”

“ಅವ್ವನ ಹೊಟ್ಟ್ಯಾಗ ನೀ ಒಬ್ಬಾವನ ಹುಟ್ಟೀಯೇನು? ನೀ ಎರಡು ರೊಟ್ಟಿ ಅಂದ ಕೂಡ್ಲೆ ಗೊತ್ತಾತು.” ಮೊರವನ್ನು ಎರಡು ಸಲ ಜಾಡಿಸಿದಳು. “ಅದಕ್ಕಿಂತ ಮೊದಲ ಗೊತ್ತಾಗಲಿಲ್ಲ.”

ನಾನು ಚಪ್ಪಲಿ ಕಳಚಿ ಬದಿಗಿಟ್ಟೆ.

“ಅಕ್ಷತಾ ಬೀಳೂವಾಗ ನನ್ನ ಮಗಳು ಹೊಳ್ಳಿ ಹಿಂದ ನೋಡಿದ್ಲು. ಮಾವಾ ಬಂದಾನ ಅಂತ ತಿಳದು. ಆ ಮಾರಿ ನನ್ನ ಕಣ್ಣ ಮುಂದಿಂದ ಹೋಗವಲ್ದು. ನಿನ್ನ ಸಾಹೇಬಗ ಒಂದ ದಿನ ಸೂಟಿ ಕೊಡಾಕ ಏನಾಗಿತ್ತು?”

ಆಗ ನಾನು ಹೇಳಿದೆ. ಉಲ್ಲೇಖವಿಲ್ಲದೆ, ಕರಡಿಲ್ಲದೆ ನಾನು ಆಡಿದ ಮಾತು ಬಹುಶಃ ಅದೊಂದೇ.

“ನಾ ಕೇಳಲೇ ಇಲ್ಲ ಅಕ್ಕಾ. ಅರ್ಜಿ ಬರದಿದ್ದೆ. ಬಾಗಲ ತನಕಾ ಹೋಗಿದ್ದೆ. ಅಂಜಿಕಿ ಬಂತು. ಹೊಳ್ಳಿ ಬಂದೆ.”

ಅಕ್ಕನ ಕೈ ಅಲ್ಲಿಗೇ ನಿಂತಿತು. ಮೊರವನ್ನು ಬದಿಗಿಟ್ಟಳು. ನಾನು ತಲೆ ತಗ್ಗಿಸಿದೆ.

“ಕೇಳಲೇ ಇಲ್ಲ?”

“ಇಲ್ಲ.”

“ಅಂದ್ರ, ನಾಲ್ಕು ವರ್ಷ ನಾ ದಿನಾ ಮುಂಜಾನೆದ್ದು ಆ ಸಾಹೇಬಗ ಬೈದೀನಲ್ಲೋ! ಅವನ ಮನಿ ಹಾಳಾಗಲಿ, ಅವನ ಮಕ್ಕಳ ಲಗ್ನಕ್ಕ ಯಾರೂ ಬರದಂಗಾಗಲಿ ಅಂತ! ದೇವರ ಮುಂದ ದೀಪಾ ಹಚ್ಚಿ ಬೈದೀನಿ!”

“ಅವರಿಗೆ ಇನ್ನೂ ಏನೂ ಆಗಿಲ್ಲ” ಎಂದು ಸಮಾಧಾನಪಡಿಸಲು ಯತ್ನಿಸಿದೆ. “ನಿನ್ನೆ ಮೊನ್ನೆ ಸ್ವಲ್ಪ ನೆಗಡಿ ಇತ್ತು.”

“ಬಾಯಿ ಮುಚ್ಚು!”

ಆಕೆ ಎದ್ದು ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆಂದುಕೊಂಡೆ, ಐವತ್ತೆರಡನೆಯ ವಯಸ್ಸಿನಲ್ಲಿ ಅದಕ್ಕೆ ಸಿದ್ಧನಾಗಿಯೂ ನಿಂತೆ. ಆಕೆ ನನ್ನ ತಲೆಯನ್ನು ಬಗ್ಗಿಸಿ, ನೆತ್ತಿಯ ಗೀರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಸಣ್ಣಾಂವ ಇದ್ದಾಗ ಹಲ್ಲಿಗೆ ಅಂಜತಿದ್ದಿ, ಬೆಕ್ಕಿಗೆ ಅಂಜತಿದ್ದಿ. ನಾನ ಮುಂದ ಹೋಗಿ ಓಡಸತಿದ್ದೆ. ಮನಶ್ಯಾರಿಗೂ ಇಷ್ಟು ಅಂಜತಿ ಅಂತ ಗೊತ್ತಿರಲಿಲ್ಲ ನೋಡು.” ಬೆರಳು ತೆಗೆಯದೆಯೇ, “ಆವತ್ತ ಹೇಳಬೇಕಿತ್ತಲ್ಲೋ ಹುಚ್ಚಾ. ನಾ ಬಂದು ಕೇಳತಿದ್ದೆ” ಎಂದಳು.

ಆಮೇಲೆ ಹಿತ್ತಲಿಗೆ ಕರೆದೊಯ್ದು, ಹಂಡೆಯ ಕೆಳಗೆ ಉರಿ ಹಾಕಿ, ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದಳು. ಸ್ನಾನ ನಾನೇ ಮಾಡಿಕೊಳ್ಳುತ್ತೇನೆಂದು ನಾನು ಸಲ್ಲಿಸಿದ ಮನವಿ ತಿರಸ್ಕೃತವಾಯಿತು. ಸತ್ತವನಿಗೆ ಬೇರೆಯವರೇ ನೀರು ಹಾಕಬೇಕಂತೆ. ಕುದಿಯುವಂಥ ನೀರು. ತಲೆಯ ತುಂಬ ಸೀಗೆಕಾಯಿ. ಗೀರಿನ ಮೇಲೆ ಅದು ತಾಗಿದಾಗ ನಾನು ಕೂಗಿಕೊಂಡೆ. ಪ್ರತಿ ತಂಬಿಗೆಗೂ ಒಂದು ಬೈಗುಳ ಬರುತ್ತಿತ್ತು: ಮಗಳ ಮದುವೆಗೆ ಒಂದು, ಸೀಮಂತಕ್ಕೆ ಒಂದು, ಹುಟ್ಟಿದ ಮೊಮ್ಮಗನನ್ನು ನೋಡಲು ಬಾರದ್ದಕ್ಕೆ ಒಂದು, ಕಾಕಾರಂಥ ಮುದುಕರ ಕಡೆಯಿಂದ ಸುಳ್ಳು ಹೇಳಿಸಿದ್ದಕ್ಕೆ ಎರಡು.

ನಡುವೆ ಒಂದು ತಂಬಿಗೆ ಬೈಗುಳವಿಲ್ಲದೆ ಬಿತ್ತು. ಮುಂದಿನದೂ ಹಾಗೆಯೇ. ಆಕೆಯ ಕೈ ನನ್ನ ನೆತ್ತಿಯ ಮೇಲೆ ನಿಂತಿತ್ತು. ಮೂಗು ಏರಿಸಿದಂಥ ಸದ್ದು ಕೇಳಿಸಿತು.

“ಅಕ್ಕಾ, ಅಳಾಕ ಹತ್ತೀಯೇನು?” ಎಂದೆ.

“ಕಣ್ಣು ತೆರೀಬ್ಯಾಡ, ಸೀಗಿಕಾಯಿ ಹೋಗತೈತಿ” ಎಂದು ಇನ್ನೊಂದು ತಂಬಿಗೆ ಸುರಿದಳು.

ನಾನು ಕಣ್ಣು ತೆರೆದೆ. ಸೀಗೆಕಾಯಿ ಹೋಯಿತು. ತತ್ಪರಿಣಾಮವಾಗಿ ಮುಂದಿನ ಕಾಲು ಗಂಟೆ ನನಗೆ ಏನೂ ಕಾಣಿಸಲಿಲ್ಲ. ನಂತರ ನೋಡಿದಾಗ ಆಕೆ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಳು. ಕಣ್ಣು ಕೆಂಪಾಗಿದ್ದವು, ಆದರೆ ಹೊಗೆಯೂ ದಟ್ಟವಾಗಿತ್ತು. ಸಂಜೆ ಮನೆಯಾಕೆ ಫೋನ್ ಮಾಡಿ, “ಏನಾತ್ರಿ, ಅತ್ತರೇನು ವೈನಿ?” ಎಂದು ಕೇಳಿದಾಗ, ಸದರಿ ವಿಷಯದಲ್ಲಿ ಖಚಿತ ವರದಿ ನೀಡಲು ಸಾಧ್ಯವಾಗುತ್ತಿಲ್ಲವೆಂದು ತಿಳಿಸಿದೆ. ನನ್ನ ಮಾತು ಮುಗಿಯುವ ಮೊದಲೇ ಅಕ್ಕ ಕೈಯಿಂದ ಮೊಬೈಲ್ ಕಸಿದುಕೊಂಡು ಆಕೆಯೊಂದಿಗೆ ಮಾತಿಗಿಳಿದಿದ್ದಳು. ನನಗೆ ರಜೆ ಇದ್ದದ್ದು ಒಂದೇ ದಿನ. ಆದರೂ ಅಂದು ಅಲ್ಲಿಯೇ ಉಳಿದೆ. ಸಾಹೇಬರಿಗೆ ನಾನೇ ಫೋನ್ ಮಾಡಿ ಇನ್ನೊಂದು ದಿನ ಕೇಳಿದೆ. ಅಕ್ಕ ಪಕ್ಕದಲ್ಲೇ ಕೂತಿದ್ದಳು.

ಈ ಬರಹವನ್ನು ಕಳೆದ ವಾರ ಅಕ್ಕನಿಗೆ ಓದಿ ಹೇಳಿದೆ. ಆಕೆ ಎರಡು ತಪ್ಪುಗಳನ್ನು ತೋರಿಸಿದ್ದಾಳೆ. ತಾನು ಅಂದು ಅಳಲಿಲ್ಲವೆಂಬುದು ಒಂದು. ನಾನು ಹಲ್ಲಿ ಬೆಕ್ಕುಗಳಿಗಷ್ಟೇ ಅಲ್ಲ, ಗೊಂಡೆಹುಳಕ್ಕೂ ಅಂಜುತ್ತಿದ್ದೆನೆಂಬುದು ಇನ್ನೊಂದು. ಎರಡನೆಯದನ್ನು ಒಪ್ಪಿಕೊಂಡಿದ್ದೇನೆ. ಮೊದಲನೆಯದನ್ನು ಹಾಗೆಯೇ ಉಳಿಸಿದ್ದೇನೆ. ಇವಲ್ಲದೆ ಬೇರೆ ತಪ್ಪುಗಳು, ವಿಶೇಷವಾಗಿ ಮಹಾಪ್ರಾಣದವು, ತಮ್ಮ ಕಣ್ಣಿಗೆ ಬಿದ್ದಲ್ಲಿ ತಾವೇ ಕೈಯಾರೆ ತಿದ್ದಿಕೊಂಡು ಓದಬೇಕೆಂದು, ಸಾಧ್ಯವಾದರೆ ಎಲ್ಲಿ ತಪ್ಪಿದೆನೆಂದು ನನಗೂ ತಿಳಿಸಬೇಕೆಂದು ಕೈಮುಗಿದು ಕೋರುತ್ತೇನೆ.